ತಾರೀಖು ಮುಟ್ಟಿದ್ದಕ್ಕೆ

ಮಧುಗಿರಿ ಕೋರ್ಟಿನ ಎದುರಿಗೆ ಒಬ್ಬ ವಕೀಲರ ಆಫೀಸಿನ ಕಂಪ್ಯೂಟರಿಗೆ ಮೊದಲ ಸಲ ಇಮೇಲ್ ಹಾಕಿಕೊಡುತ್ತಿದ್ದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪೋರ್ಟ್ ನಂಬರು, ಪಾಸ್‌ವರ್ಡು ಎಲ್ಲ ಸರಿಯಾಗಿಯೇ ತುಂಬಿದ್ದೆ. ಆದರೂ 'ಸರ್ವರಿನ ಸರ್ಟಿಫಿಕೇಟ್ ನಂಬುವಂತಿಲ್ಲ' ಎಂಬ ಎಚ್ಚರಿಕೆ ಹೋಗುತ್ತಲೇ ಇರಲಿಲ್ಲ. ಸಂಜೆ ಐದರೊಳಗೆ ತಕರಾರು ಅರ್ಜಿ ಇಮೇಲಿನಲ್ಲಿ ಹೋಗಬೇಕಿತ್ತು. ವಕೀಲರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಹಾಗೆ ಯಾರಾದರೂ ನಿಂತರೆ ನನಗೆ ನನ್ನ ಹೆಸರನ್ನೇ ಟೈಪ್ ಮಾಡಲು ಬರುವುದಿಲ್ಲ.

"ಆ ಸೆಕ್ಯೂರಿಟಿ ಗಿಕ್ಯೂರಿಟಿ ತೆಗ್ದಾಕ್ಬುಡಪ್ಪ, ಅಂಗೇ ಕಳ್ಸಾಣ."

"ಅಂಗೆ ಕಳ್ಸಿದ್ರೆ ದಾರೀಲಿ ಯಾರು ಬೇಕಾದ್ರೂ ಓದ್ಬೋದು ಸಾರ್," ಅಂದೆ.

ಆಗ ಪರದೆಯ ಮೂಲೆಯ ತಾರೀಖು ಕಣ್ಣಿಗೆ ಬಿತ್ತು. ಏಳು ವರ್ಷ ಹಿಂದಿನದು! ಈ ಕಂಪ್ಯೂಟರಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ, ನಂಬುವುದು ಹೇಗೆ? ಇವತ್ತಿನ ತಾರೀಖು ಹಾಕಿದೆ. ಇಮೇಲ್ ತೆರೆದುಕೊಂಡಿತು.

ಟೀ ಕುಡಿದು ಒಳಬಂದ ಟೈಪಿಸ್ಟ್ ನಾಗರತ್ನಮ್ಮ ಪರದೆ ನೋಡಿ ಕಿರುಚಿದರು. "ಅಯ್ಯೋ, ತಾರೀಖು ಮುಟ್ಬುಟ್ರಾ?"

ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ವಾಯಿದೆ ಯಾವತ್ತೋ ಮುಗಿದಿತ್ತಂತೆ. ತಾರೀಖು ಹಿಂದಕ್ಕಿಟ್ಟೇ ಅದನ್ನು ಓಡಿಸುತ್ತಿದ್ದರು. ಈಗ ಅದು ತೆರೆಯಲೊಲ್ಲದು, ಅರ್ಧ ಟೈಪಾದ ಅರ್ಜಿ ಅದರೊಳಗೇ ಇತ್ತು.

ತಾರೀಖನ್ನು ಹಿಂದಕ್ಕೆ ತಳ್ಳಿದೆ. ಪುಣ್ಯಕ್ಕೆ ಅರ್ಜಿ ತೆರೆಯಿತು. ಅವರು ಟೈಪ್ ಮಾಡಿ ಮುಗಿಸಿ ಪಿಡಿಎಫ್ ಮಾಡಿದರು. ನಾನು ತಾರೀಖನ್ನು ಮತ್ತೆ ಇವತ್ತಿಗೆ ತಂದು ಕಳಿಸುವಷ್ಟರಲ್ಲಿ ಐದು ಹೊಡೆಯುವುದರಲ್ಲಿತ್ತು.

"ದಿನಾ ಇಂಗೆ ಏಳು ವರ್ಷ ಹಿಂದಕ್ಕೂ ಮುಂದಕ್ಕೂ ಓಡಾಡೋಕಾಗುತ್ತಾ ಸಾರ್?" ಎಂದು ಕೇಳಿದೆ, ಹೊಸ ಸಾಫ್ಟ್‌ವೇರ್ ತಗೊಳ್ಳಲಿ ಅಂತ.

ವಕೀಲರು ಕರಿಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. "ಏಳು ವರ್ಷ ಹಿಂದಕ್ಕೆ ಹೋದ್ರೆ ಏನಾಯ್ತೀಗ? ಈ ಕೇಸು ಆವಾಗ್ಲೂ ನಡೀತಿತ್ತು ಕಣಪ್ಪ."