ಎರಿ ಮಣ್ಣಿನ ಮೂಲಿ

ನರಗುಂದದ ಅಡತಿ ಅಂಗಡಿಯಲ್ಲಿ ಕಡಲಿ ತೂಗುವ ಕಳಕೇಶನಿಗೆ ಮನುಷ್ಯರನ್ನೂ ತೂಗುವ ಚಟ. ತಾನು ಮಾತ್ರ ಯಾವ ತಕ್ಕಡಿಗೂ ಭಾರವಾಗುವವನಲ್ಲ ಎಂಬುದು ಅವನಿಗೇ ಚಲೋ ಗೊತ್ತಿತ್ತು. ಊರಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಎದುರಾಳಿಯನ್ನು ತಡೆಯುವುದು ಅವನ ಕೆಲಸ. ಎದುರಾಳಿಗಳೋ, ಬಾಗಿಲಿಲ್ಲದ ಮನೆ ಹೊಕ್ಕಂತೆ ಅವನನ್ನು ದಾಟಿಹೋಗುತ್ತಿದ್ದರು. ರವಿವಾರದ ಆಟದಲ್ಲಿ ರೋಣ ತಂಡದ ಉದ್ದನೆಯ ಜಯಂತನನ್ನು ತಡೆದರಷ್ಟೇ ಗಜೇಂದ್ರಗಡದ ಪಂದ್ಯಾವಳಿಗೆ ಕರೆದೊಯ್ಯುವುದಾಗಿ ನಾಯಕ ಇನಾಯತ ಹೇಳಿಬಿಟ್ಟಿದ್ದ.

ತಡೆಯುವುದರಲ್ಲಿ ಹಿಂದೆ ಇದೇ ತಂಡದಲ್ಲಿ ಆಡುತ್ತಿದ್ದ ಹಿರಿಯ ಅಂದಾನೆಪ್ಪ ದೊಡ್ಡವರೋ, ಈಗಿನ ಇನಾಯತನೋ? ದೊಡ್ಡವರ ಮಾತು ಕೇಳಿದರಾಯಿತು ಎಂದುಕೊಂಡ ಕಳಕೇಶ.

“ಕಾಕಾ, ನಿಮ್ಮ ಕಾಲದಾಗ ಇನಾಯತ ಇದ್ದಿದ್ರ?” ಎಂದು ಇನಾಯತನ ಎದುರಿಗೇ ಕೇಳಿದ.

“ಚಾ ತರಾಕ ಕಳಸ್ತಿದ್ವಿ,” ಎಂದರು ಅಂದಾನೆಪ್ಪ.

ಇನಾಯತ ನಕ್ಕ. “ಕಾಕಾ ಈಗ ಆಡಿದ್ರ ಫೌಲ್ ಆಗಿ ಲಗೂನ ಹೊರಗ. ಆವಾಗ ಅಂಗಿ ಹಿಡದ್ರೂ ಸೀಟಿ ಊದ್ತಿರಲಿಲ್ಲ.”

ಇಬ್ಬರದೂ ಖರೇ ಅನಿಸಿತು. ಆದರೆ ಗುಟ್ಟು ಹೇಳಿಕೊಟ್ಟವರು ಅಂದಾನೆಪ್ಪ: “ನಮ್ಮ ಅಂಗಳದ ಮೂಡಣ ಮೂಲಿಗೆ ಅವನ್ನ ದಬ್ಬಿಕೊಂಡ ಹೋಗು. ಅಲ್ಲಿ ಚೆಂಡ ತಾನ ನಿನ್ನ ಕೈಗೆ ಬರ್ತದ. ಜೀವಮಾನ ಎಲ್ಲಾ ನಾ ಹಂಗ ಹಿಡದೀನಿ.”

ರವಿವಾರ ಕಳಕೇಶ ಜಯಂತನನ್ನು ಮೂಡಣ ಮೂಲೆಗೆ ದಬ್ಬಿದ. ದಬ್ಬಿ, ಪ್ರಸಾದಕ್ಕೆ ನಿಂತವನಂತೆ ಕೈಯೊಡ್ಡಿ ಕಾದ. ಚೆಂಡು ಟಣ್ಣನೆ ಪುಟಿದು ಜಯಂತನ ಕೈಗೇ ಮರಳಿತು. ಅವನು ಅಲ್ಲಿಂದಲೇ ಬುಟ್ಟಿಗೆ ಹಾಕಿದ. ಕಳಕೇಶ ಮತ್ತೆ ದಬ್ಬಿದ, ಮತ್ತೆ ಬುಟ್ಟಿ. ಇನಾಯತ ಅವನನ್ನು ಹೊರಗೆ ಕೂರಿಸಿದ.

ಪಕ್ಕದಲ್ಲಿ ಕುಳಿತು ಆಟ ನೋಡುತ್ತಿದ್ದ ಅಂದಾನೆಪ್ಪನವರ ಮುಖ ಸಪ್ಪಗಾಗಿತ್ತು. “ಆ ಮೂಲ್ಯಾಗ ಚೆಂಡ ಏಳಬಾರದಪಾ...” ಎಂದವರು ಸಿಮೆಂಟಿನ ನೆಲವನ್ನೇ ನೋಡಿದರು. “ಆವಾಗ ಕರೀ ಎರಿ ಮಣ್ಣಿನ ಅಂಗಳ. ಅಲ್ಲಿ ಬಿರುಕು ಭಾಳ, ಚೆಂಡ ಬಿದ್ರ ಏಳ್ತಿರಲಿಲ್ಲ. ಹಂಗಾರ ಅವರನ್ನ ಹಿಡದಾವ ನಾನೋ, ಆ ಮಣ್ಣೋ?”

ಸಿಟ್ಟಾಗಬೇಕೆಂದಿದ್ದ ಕಳಕೇಶ ಸಮಾಧಾನ ಹೇಳಿದ: “ಮೂಲಿತನಕ ದಬ್ಬಿದಾವ್ರು ನೀವರೀ.”

“ನೀನೂ ದಬ್ಬಿದೆಲ್ಲೋ!”

ಆಟ ಸೋತು ಬಂದ ಇನಾಯತ ಬೆವರು ಒರೆಸಿಕೊಳ್ಳುತ್ತ ಕುಕ್ಕರಗಾಲಲ್ಲಿ ಕುಳಿತ. “ಕಾಕಾ, ಗಜೇಂದ್ರಗಡದ ಅಂಗಳ ಇನ್ನೂ ಮಣ್ಣಿಂದು. ಮಣ್ಣಿನ ಮ್ಯಾಲ ನಾ ಒಮ್ಮಿನೂ ಆಡಿಲ್ಲ. ನೀವೂ ಬರ್ರಿ, ಬಿರುಕು ತೋರಸ್ರಿ.” ಆಮೇಲೆ ಕಳಕೇಶನತ್ತ ತಿರುಗಿದ. “ನೀನೂ ನಡಿ. ಮೂಲಿಗೆ ದಬ್ಬಾಕರ ಬರ್ತದ ನಿನಗ.”

ಹೊಗಳಿದನೋ ಬೈದನೋ ಕಳಕೇಶನಿಗೆ ತಿಳಿಯಲಿಲ್ಲ.

“ಅಲ್ಲೋ, ಅಲ್ಲಿ ಬಿರುಕ ಇರಲಿಲ್ಲಂದ್ರ?” ಎಂದ.