ಅಕ್ಕನ ರಕ್ತಪರೀಕ್ಷೆಗೆ ಜೊತೆ ಹೋದದ್ದು

ಕ್ಯಾನ್ಸರ್ ಆಗಿ ಒಂದು ಕಿಡ್ನಿ ತೆಗೆಸಿಕೊಂಡಿದ್ದ ಅಕ್ಕನನ್ನು ರಕ್ತಪರೀಕ್ಷೆಗೆಂದು ಗುಬ್ಬಿಯಿಂದ ತುಮಕೂರಿಗೆ ಕರೆದುಕೊಂಡು ಹೊರಟಿದ್ದೆ. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಬಸ್ಸಿನಲ್ಲಿ ಡಾಕ್ಟರ ಗತ್ತಿನಲ್ಲೇ ಹೇಳಿದೆ. "ರಕ್ತದಲ್ಲಿ ಉರಿಯೂತದ ಅಂಶ ಕಮ್ಮಿ ಇದ್ರೆ ಜಾಸ್ತಿ ವರ್ಷ ಬದುಕೋ ಸಾಧ್ಯತೆ ಇರುತ್ತಂತೆ. ಹೆದರ್ಬೇಡ, ನಾನಿದೀನಿ."

"ನಾನೆಲ್ಲೋ ಹೆದರಿದೀನಿ?" ಅಂದಳು ಅಕ್ಕ. ಆದರೆ ನನ್ನ ತೋಳು ಹಿಡಿದ ಕೈ ಮಾತ್ರ ಬಿಟ್ಟಿರಲಿಲ್ಲ.

ಲ್ಯಾಬಿನಲ್ಲಿ ನರ್ಸ್ ಅವಳಿಗೆ ಸೂಜಿ ಚುಚ್ಚಿದರು. ಟ್ಯೂಬಿನೊಳಗೆ ರಕ್ತ ಏರುವುದನ್ನು ನೋಡಿದ್ದಷ್ಟೇ ನನಗೆ ನೆನಪು. ಕಣ್ಣು ಬಿಟ್ಟಾಗ ನಾನು ಮಂಚದ ಮೇಲಿದ್ದೆ, ಅಕ್ಕ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಸಂಜೆ ರಿಪೋರ್ಟ್ ನೋಡಿದ ಡಾಕ್ಟರು, "ಸದ್ಯಕ್ಕೆ ಎಲ್ಲ ಚೆನ್ನಾಗಿದೆ" ಅಂದರು. ಅಕ್ಕ ಕಣ್ಣೊರೆಸಿಕೊಂಡು ಭಾವನಿಗೆ ಫೋನ್ ಮಾಡಿದಳು: "ನಂಗೇನೂ ತೊಂದ್ರೆ ಇಲ್ವಂತೆ ಕಣ್ರೀ. ಇವನ್ನೇ ಹುಷಾರಾಗಿ ಮನೆಗೆ ಕರ್ಕೊಂಡ್ ಬರ್ಬೇಕು."