ಮಲ್‌ಸುನಕ್ಕನ ಮೂವತ್ತು ರೂಮು

ನಮ್ಮ ಹಳೇ ಬಂದರಿನ ಬೀದಿಯಲ್ಲಿ ಮಲ್‌ಸುನ್ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ‘ಮೂವತ್ತು ರೂಮಿನವಳು’ ಎನ್ನಿ, ಮೀನು ಮಾರುವವರೂ ದಾರಿ ತೋರಿಸುತ್ತಾರೆ. ಹತ್ತೊಂಬತ್ತನೇ ವಯಸ್ಸಿಗೆ ಆ ವಸತಿಗೃಹಕ್ಕೆ ನೆಲ ಒರೆಸಲು ಬಂದವಳು. ಮಕ್ಕಳಿಲ್ಲದ ಯಜಮಾನಿ ಸಾಯುವಾಗ ಅದನ್ನು ಅವಳಿಗೇ ಬಿಟ್ಟುಹೋದಳು. ಈಗ ಅವಳಿಗೆ ಅರವತ್ತನಾಲ್ಕು, ಇನ್ನೂ ಒರೆಸುತ್ತಲೇ ಇದ್ದಾಳೆ. ಪಕ್ಕದ ಲಾಂಡ್ರಿ ನನ್ನದು. ಅವಳಿಗೆ ತಂಗಿ ಅಂತ ಇರುವವಳೂ ನಾನೇ.

ಮೊದಲೆಲ್ಲ ಬೂಸಾನಿನ ಮೀನು ವ್ಯಾಪಾರಿಗಳು ಬಂದು ಅವಳ ಬಿಸಿನೆಲದ ಮೇಲೆ ಮೈಚಾಚಿ ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಕಡಲ ದಂಡೆಯಲ್ಲಿ ಇಪ್ಪತ್ತೆರಡು ಅಂತಸ್ತಿನ ಹೋಟೆಲ್ ಎದ್ದಿತು. ಪ್ರವಾಸಿಗರು ಬರಲಿ ಎಂದು ನಗರಾಡಳಿತ ಅದಕ್ಕೆ ಜಾಗ ಪುಕ್ಕಟೆ ಕೊಟ್ಟಿತು, ತೆರಿಗೆ ಮಾಫಿ ಮಾಡಿತು. ನಾನು ಹೊಟ್ಟೆ ಉರಿದುಕೊಂಡು ಬಾಯಿಗೆ ಬಂದಂತೆ ಬೈದೆ. ಅಕ್ಕನಿಗೆ ಅದಕ್ಕೂ ಪುರಸೊತ್ತಿರಲಿಲ್ಲ. ನೆಲ ಕಾಯಿಸುವ ಬಾಯ್ಲರ್ ವಾರಕ್ಕೆರಡು ಸಲ ಕೈಕೊಡುತ್ತಿತ್ತು. ಇನ್ನೊಂದು ಚಳಿಗಾಲವನ್ನು ಅದು ತಡೆಯುವಂತಿರಲಿಲ್ಲ. ಅದು ಹೋದರೆ ಅವಳ ಸೂರೂ ಹೋಯಿತು, ಅನ್ನವೂ ಹೋಯಿತು.

ಕೊನೆಗೆ ಆಡಳಿತದ ಕಣ್ಣು ನಮ್ಮ ಬೀದಿಯ ಮೇಲೂ ಬಿತ್ತು. ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ರೂಮಿರುವ ಹಳೆಯ ವಸತಿಗೃಹವನ್ನು ಹೋಟೆಲ್ ಮಾಡಿದರೆ, ರಿಪೇರಿಯ ಅರ್ಧ ಖರ್ಚು ಅವರದು. ಅರ್ಜಿ ತುಂಬಿದವಳು ನಾನು.

“ರೂಮೆಷ್ಟಕ್ಕಾ?” ಎಂದೆ.

“ಊರಿಗೇ ಗೊತ್ತು, ನೀನೊಬ್ಳು ಕೇಳ್ತೀಯ! ಮೂವತ್ತು ಅಂತ ಬರಿಯೇ.”

ಬರೆದೆ.

ಪ್ರವಾಸೋದ್ಯಮ ಕಚೇರಿಯಿಂದ ಪ್ಯೋ ಎಂಬ ಅಧಿಕಾರಿ ತನಿಖೆಗೆ ಬಂದ. ಪ್ರತಿ ಬಾಗಿಲನ್ನೂ ಪೆನ್ನಿನಿಂದ ಮುಟ್ಟುತ್ತ ಎರಡೂ ಮಹಡಿ ಸುತ್ತಿದ. ಇಳಿದು ಬಂದು ಮತ್ತೊಮ್ಮೆ ಹತ್ತಿಹೋದ.

“ಯಜಮಾನಮ್ಮ, ಇಪ್ಪತ್ತೇಳೇ ಇರೋದು.”

“ಕಣ್ಣು ಸರಿಯಿದ್ಯೇನಪ್ಪಾ? ಕೊನೇ ಬಾಗ್ಲಲ್ಲಿ ಮೂವತ್ತು ಅಂತ ಹಿತ್ತಾಳೇಲಿ ಹೊಡ್ಸಿದೀವಿ!”

“ನೋಡ್ದೆ. ನಾಲ್ಕು ಎಲ್ಲಿ? ಹದ್ನಾಲ್ಕು? ಇಪ್ಪತ್ನಾಲ್ಕು?”

ಅಕ್ಕ ಒಂದೊಂದೇ ಬೆರಳು ಮಡಚಿ ಎಣಿಸಿದಳು. ನಾಲ್ಕು ಸಾವಿನ ಅಂಕಿ; ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಸದ್ದು. ನಮ್ಮಲ್ಲಿ ಯಾರೂ ಅದನ್ನು ಬಾಗಿಲಿಗೆ ಹೊಡೆಸುವುದಿಲ್ಲ. ಮೂರಾದ ಮೇಲೆ ಐದು. ಹಳೇ ಯಜಮಾನಿಯೂ ಹಾಗೆಯೇ ಹೊಡೆಸಿದ್ದಳು. ಕೊನೆಯ ಅಂಕಿ ನೋಡಿಕೊಂಡೇ ನಲವತ್ತೈದು ವರ್ಷ ಕಳೆದುಹೋಗಿತ್ತು.

“ನಾಲ್ಕು ಯಾರ್ ಹಾಕ್ತಾರೆ? ನಿಮ್ಮಾಫೀಸಿನ ಲಿಫ್ಟಲ್ಲಿ ಇದ್ಯಾ?” ಎಂದು ನಾನು ಮೇಲೆ ಬಿದ್ದೆ.

“ಇಲ್ಲಮ್ಮ,” ಎಂದ, ಪಾಪ, ಅವನ ಕಿವಿ ಕೆಂಪಾಯಿತು. “ಆದ್ರೆ ನಾವು ಎಣ್ಸೋದು ರೂಮನ್ನ.”

“ದೊಡ್ಡ ರೂಮಿಗೆ ಅಡ್ಡ ಗೋಡೆ ಹಾಕ್ಸಿದ್ರೆ?” ಅಕ್ಕ ಕೇಳಿದಳು.

“ಅಳತೆ ಸಾಲ್ದೆ ಹೋದ್ರೆ ಅದನ್ನ ರೂಮು ಅನ್ನಲ್ಲ.”

“ಹಿತ್ಲಲ್ಲಿ ಹೊಸ್ದಾಗಿ ಮೂರು ಕಟ್ಸಿದ್ರೆ?”

“ಒಂದ್ ವರ್ಷ ಮುಂಚೆ ಗೊತ್ತಾಗಿದ್ರೆ ಆಗೋದು. ಅರ್ಜಿ ಹತ್ತು ದಿನದಲ್ಲಿ ಮುಗಿಯತ್ತೆ, ಯಜಮಾನಮ್ಮ.”

ಅಕ್ಕ ಅವನಿಗೆ ಬಾರ್ಲಿ ಚಹಾ ಕೊಟ್ಟು, ಮೆಟ್ಟಿ ಹೊರಡಲು ಸುಲಭವಾಗಲೆಂದು ಅವನ ಚಪ್ಪಲಿ ಹೊರಮುಖ ತಿರುಗಿಸಿಟ್ಟು ಕಳಿಸಿದಳು.

ಮೊದಲ ಹಿಮ ಬಿದ್ದ ವಾರ ಬಾಯ್ಲರ್ ನಿಂತಿತು. ಅಕ್ಕ ಕಟ್ಟಡ ಮಾರಲು ಸಹಿ ಹಾಕಿ, ಕೊನೆಯ ಬಟ್ಟೆಗಂಟು ಹೊತ್ತು ನನ್ನ ಲಾಂಡ್ರಿಗೆ ಬಂದಳು. ಬೆಂಚಿನ ಮೇಲೆ ಉಸ್ಸಪ್ಪಾ ಎಂದು ಕೂತು ನಕ್ಕಳು.

“ಇಲ್ದಿರೋ ಮೂರು ರೂಮಿಗೂ ಸೇರ್ಸಿ ಬೆನ್ನು ನೋಯಿಸ್ಕೊಂಡ್ನಲ್ಲೇ!”

ನನಗೆ ನಗಲಾಗಲಿಲ್ಲ. ಎಷ್ಟು ದಿನ ಅಂತ ಬಾಯಿ ಮುಚ್ಚಿಕೊಂಡಿರಲಿ?

“ಅಕ್ಕಾ, ಎಲ್ಲಾ ರೂಮು ತುಂಬಿದ್ ದಿನಾನೂ ನನ್ನ ಹತ್ರ ಬರ್ತಿದ್ದದ್ದು ಇಪ್ಪತ್ತೇಳು ಜೊತೆ ಬೆಡ್‌ಶೀಟು. ಒಂದಿನಾನೂ ಇಪ್ಪತ್ತೆಂಟಾಗ್ಲಿಲ್ಲ. ಮೂರನ್ನ ಬೇರೆ ಲಾಂಡ್ರಿಗೆ ಕೊಡ್ತಿದೀಯ ಅಂತ ನಾನು ಮುನಿಸ್ಕೊಂಡಿದ್ದೆ.”

“ಎಷ್ಟ್ ವರ್ಷದಿಂದ?”

“ಇಪ್ಪತ್ತು.”

ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಜಗಳಕ್ಕಾದ್ರೂ ಬರ್ಬಾರ್ದಿತ್ತೇನೇ?” ಎಂದಷ್ಟೇ ಹೇಳಿ, ಎದ್ದು ಹೋದಳು.